ಚಿತ್ರ ಮಾರಿ ರಜೆ ಹಾಕಿದ ವರ್ಷ

ಪಗಾರ ಬಿಟ್ಟು, ಚಿತ್ರ ಮಾರಿ ಒಂದು ವರ್ಷ ಕಳೆಯುತ್ತೇನೆ ಎಂದು ಯಾರಾದರೂ ಹೊರಟರೆ, ಸುತ್ತಲಿನ ಜನ ಅವರ ಜೊತೆ ನೆಟ್ಟಗೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ. ದಿನಾ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಧಾರವಾಡದವಳು. ಗಂಡನಿಗೆ ತಿರುವನಂತಪುರದಲ್ಲಿ ಬ್ಯಾಂಕಿನ ಕೆಲಸ, ನನಗೆ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ. ಊಟವಾದ ಮೇಲೆ ಅಡುಗೆಮನೆ ಕಟ್ಟೆಯ ಮೇಲೆ ಕಾಗದ ಹರಡಿ ಚಿತ್ರ ಬರೆಯುತ್ತಿದ್ದವಳು, ಒಮ್ಮೆಯಾದರೂ ಹಗಲಿನ ಬೆಳಕಲ್ಲಿ ಬರೆಯಬೇಕೆಂದು ಹಟ ಹಿಡಿದೆ. ಮನೆಯಲ್ಲಿ ಒಪ್ಪಂದವಾಯಿತು: ಚಿತ್ರ ಮಾರಾಟವಾದರೆ ವರ್ಷಪೂರ್ತಿ ರಜೆ, ಆಗದಿದ್ದರೆ ಓಣಂ ಮುಗಿದ ಕೂಡಲೇ ಕೆಲಸಕ್ಕೆ ವಾಪಸ್.

ಖಾಲಿ ಹುದ್ದೆ

ರಜೆ ಕೇಳಲು ಹೋದಾಗ ನಮ್ಮ ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು.

“ನಿಜ ಹೇಳಿ, ಯಾವ ಕಂಪನಿ?”

“ಕಂಪನಿ ಅಲ್ಲ ಸರ್, ಚಿತ್ರ ಬರೆಯೋದಕ್ಕೆ.”

“ಅದು ಸರಿ. ಸಂಬಳ ಎಷ್ಟು ಜಾಸ್ತಿ?”

“ಸಂಬಳವೇ ಇಲ್ಲ. ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ.”

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ಮೇಲೆ ಮ್ಯಾನೇಜರ್ ಇರ್ತಾರಾ?”

“ಯಾರೂ ಇಲ್ಲ ಸರ್.”

“ಮೀಟಿಂಗು?”

“ಅದೂ ಇಲ್ಲ.”

ರಜೆಗೆ ಒಪ್ಪಿದರು. ನಾನು ಬಾಗಿಲು ತೆರೆಯುವಷ್ಟರಲ್ಲಿ ಮೆಲ್ಲಗೆ ಹಿಂದಿನಿಂದ ಅಂದರು: “ಅಲ್ಲಿ ಇನ್ನೊಬ್ಬರಿಗೆ ಜಾಗ ಇದ್ದರೆ ನನಗೆ ಹೇಳಿ.”

ವರ್ಷವಿಡೀ ಜ್ವರ

ಶ್ರೀಕಾರ್ಯಂನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಟೀಚರ್. ಗೇಟಿನ ಹತ್ತಿರ ಸಿಕ್ಕು, “ಇವತ್ತು ಆಫೀಸಿಲ್ಲವಾ ಮೋಳೇ?” ಎಂದರು. ಮೋಳೇ ಅಂದರೆ ಮಗಳೇ. ನಾನು ಜಂಬದಿಂದ ನನ್ನ ಮಲಯಾಳಂನಲ್ಲಿ, ಇನ್ನು ಒಂದು ವರ್ಷ ಮನೆಯಲ್ಲೇ ‘ಪನಿ’ ಎಂದೆ. ಕೆಲಸಕ್ಕೆ ‘ಪಣಿ’ ಎನ್ನಬೇಕಿತ್ತು. ‘ಪನಿ’ ಎಂದರೆ ಜ್ವರ.

“ಒಂದು ವರ್ಷವಾ!” ಎಂದು ಟೀಚರ್ ನನ್ನ ಹಣೆ ಮುಟ್ಟಿ ನೋಡಿದರು. ಮಧ್ಯಾಹ್ನ ಬಿಸಿ ಗಂಜಿ ಬಂತು. ಮರುದಿನವೂ ಬಂತು. ಕೊನೆಗೆ ನನ್ನ ಮಗಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳಂನಲ್ಲೇ ಉತ್ತರ ಕೊಡುವವಳು, ವಿಷಯ ತಿಳಿದು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀಚರಿಗೆ ಎಲ್ಲವನ್ನೂ ಬಿಡಿಸಿ ಹೇಳಿದವಳೂ ಅವಳೇ.

“ಅಂದರೆ ಅಮ್ಮ ಕೆಲಸ ಬಿಟ್ಟು ಚಿತ್ರ ಬರೀತಿದ್ದಾಳಾ?” ಎಂದು ಕೇಳಿದ ಟೀಚರ್ ಗಂಜಿಯ ಪಾತ್ರೆಯನ್ನು ನನ್ನ ಕೈಯಲ್ಲೇ ಇಟ್ಟರು. “ಹಾಗಾದರೆ ಇದು ಜ್ವರಕ್ಕಿಂತ ಜೋರು. ಕುಡಿ ಮೋಳೇ.”

ಮುಳುಗಿದ ದೋಣಿ

ವಿಳಿಂಜಂನ ಮೀನುಗಾರಿಕೆ ಬಂದರಿನಲ್ಲಿ ಕೂತು ಎರಡು ದೋಣಿಗಳ ಚಿತ್ರ ಬರೆಯುತ್ತಿದ್ದೆ. ದೋಣಿಯ ಯಜಮಾನರೊಬ್ಬರು ಬೆನ್ನ ಹಿಂದೆ ನಿಂತು ನೋಡಿದರು.

“ಚೇಚೀ,” ಎಂದರು, ಅಂದರೆ ಅಕ್ಕಾ. “ಈ ನೀಲಿ ದೋಣಿ ನಂದು. ಚಿತ್ರ ನನಗೇ ಕೊಡಿ. ಆದರೆ ಪಕ್ಕದ ಹಸಿರು ದೋಣಿ ತೆಗೀಬೇಕು.”

“ಯಾಕೆ?”

“ಅದು ನನ್ನ ಭಾವನದು.”

ನನ್ನ ಮೊದಲ ಗಿರಾಕಿ. ಇನ್ನೇನೂ ಕೇಳದೆ ಹಸಿರು ದೋಣಿಯ ಮೇಲೆ ಸಮುದ್ರ ಬಳಿದು ಕೊಟ್ಟೆ. ಮುಂದಿನ ವಾರ ಅದೇ ಜಾಗದಲ್ಲಿ ಕೂತಿದ್ದಾಗ ಇನ್ನೊಬ್ಬರು ಲುಂಗಿ ಮೇಲೆ ಕಟ್ಟಿಕೊಂಡು ದಾಪುಗಾಲಿನಲ್ಲಿ ಬಂದರು.

“ನನ್ನ ದೋಣಿ ಮುಳುಗಿಸಿದ್ದು ನೀವೇನಾ?”

ಓಡುವ ಹಾಗಿರಲಿಲ್ಲ, ಬಣ್ಣದ ಡಬ್ಬಿಗಳೆಲ್ಲ ತೆರೆದಿದ್ದವು. ಹೂಂ ಎಂದೆ. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದರು: “ನನಗೂ ಒಂದು ಬೇಕು. ಹಸಿರು ದೋಣಿ ದೊಡ್ಡದಾಗಿರಲಿ. ನೀಲಿಯದು ಇರಲಿ, ಆದರೆ ದೂರದಲ್ಲಿ. ಬಹಳ ದೂರದಲ್ಲಿ.”

ಆಮೇಲೆ ಇಬ್ಬರೂ ರಾಜಿಯಾದರು ಎಂದು ಕೇಳಿದೆ. ಸಂತೋಷದ ಸುದ್ದಿಯೇ. ಆದರೂ ಜಗಳ ಇನ್ನೊಂದು ನಾಲ್ಕು ತಿಂಗಳು ನಡೆದಿದ್ದರೆ ನಾನು ಎರಡು ವರ್ಷ ರಜೆ ಹಾಕಬಹುದಿತ್ತು.

ಹಲಸಿನ ಹಣ್ಣಿನ ಪಕ್ಕ

ಓಣಂ ಹತ್ತಿರ ಬಂದಾಗ ಕೊಚ್ಚಿಯ ಒಂದು ಸಣ್ಣ ಗ್ಯಾಲರಿಯಲ್ಲಿ ಗೋಡೆ ಸಿಕ್ಕಿತು. ದೋಣಿಗಳ ದುಡ್ಡು ಬಣ್ಣ, ಕಾಗದಕ್ಕೇ ಸರಿಹೋಗಿತ್ತು; ಇಲ್ಲಿ ಮಾರಾಟವಾಗದಿದ್ದರೆ ರಜೆ ಮುಗಿದಂತೆ. ಇದ್ದದ್ದನ್ನೆಲ್ಲ ತೂಗುಹಾಕಿದೆ. ಅದರಲ್ಲಿ ನಮ್ಮ ಅತ್ತೆಯ ಚಿತ್ರವೂ ಒಂದು: ಊಟ ಮುಗಿಸಿ, ಕುರ್ಚಿಗೆ ಒರಗಿ, ಬಾಯಿ ತೆರೆದು ಗಾಢ ನಿದ್ರೆ. ಧಾರವಾಡದ ಅತ್ತೆ ಕೊಚ್ಚಿಗೆಲ್ಲಿ ಬಂದಾರು ಎಂಬ ಧೈರ್ಯ. ಎರಡನೆಯ ದಿನ ನನ್ನ ಗಂಡ, ನನಗೆ ಖುಷಿಯಾಗಲಿ ಎಂದು, ಅವರನ್ನು ಕರೆದುಕೊಂಡೇ ಬಂದ.

ಅತ್ತೆ ಚಿತ್ರದೆದುರು ನಿಂತರು. “ಇದು ನಾನಽ ಹೌದಲ್ಲೋ?”

ಮಗ ಫ್ಯಾನು ನೋಡಿದ.

“ಬಾಯಿ ತಗದು ಮಲಗಿದ್ದನ್ನ ಬರದಾಳ! ಮಂದಿ ನೋಡೂ ಜಾಗಾದಾಗ ಹಾಕ್ಯಾಳ! ಮೊದಲ ತಗಿ ಅದನ್ನ!”

ನಾನು ಸ್ಟೂಲು ಹತ್ತಿದ್ದೆ. ಅಷ್ಟರಲ್ಲಿ ಕೊಚ್ಚಿಯ ಡಾಕ್ಟರಮ್ಮ ಒಬ್ಬರು ಓಡಿ ಬಂದು, “ಅಯ್ಯೋ ತೆಗೀಬೇಡಿ, ಇದು ಥೇಟ್ ನಮ್ಮಮ್ಮ. ಬೆಲೆ ಎಷ್ಟು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕೆಳಗಿನ ಚೀಟಿ ತೋರಿಸಿದೆ. ಅತ್ತೆಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ತಮ್ಮ ಚೀಟಿ ನೋಡಿದರು. ಪಕ್ಕದ ಚಿತ್ರದ ಚೀಟಿಯನ್ನೂ ನೋಡಿದರು.

“ಹಲಸಿನ ಹಣ್ಣಿಗೆ ಅಷ್ಟು, ನನಗ ಇಷ್ಟಽ? ಹಣ್ಣಿಗಿಂತ ಕಡಿಮಿ ಆದ್ನೇನು ನಾನು?”

ಗಂಡ ಬೆವರುತ್ತ ಅನುವಾದ ಮಾಡಿದ. ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಲಸಿಗಿಂತ ಒಂದು ಹಿಡಿ ಹೆಚ್ಚೇ ಕೊಟ್ಟರು. ಚಿತ್ರದ ಮೇಲೆ ಅತ್ತೆಯದೇ ಸಹಿ ಬೇಕೆಂದರು. ಅತ್ತೆ ನನ್ನ ಸಹಿಯ ಮೇಲೆಯೇ, ಅದರ ಎರಡು ಪಟ್ಟು ದಪ್ಪಕ್ಕೆ ಸಹಿ ಹಾಕಿದರು. ಫೋಟೋ ತೆಗೆಯುವಾಗ ಡಾಕ್ಟರಮ್ಮ ನನಗೆ, ಸ್ವಲ್ಪ ಪಕ್ಕಕ್ಕೆ ಹೋಗುತ್ತೀರಾ, ಅಡ್ಡ ಬರುತ್ತಿದ್ದೀರಿ ಎಂದರು.

ರಜೆ ಉಳಿಯಿತು. ಅತ್ತೆಯ ಕಾಲು ಮುಟ್ಟೋಣವೆಂದು ತಿರುಗಿದರೆ ಅವರು ಆಗಲೇ ಫೋನಿನಲ್ಲಿ ತಂಗಿಯ ಜೊತೆ, ಇಡೀ ಗ್ಯಾಲರಿಗೆ ಕೇಳುವಂತೆ ಮಾತಾಡುತ್ತಿದ್ದರು:

“ಹೌದವಾ, ಕೊಚ್ಚಿಯೊಳಗ! ನಾನಽ ಮಾರಾಟ ಆದ್ನಿ... ಹೂಂ, ಬಾಯಿ ತಗದಽ ಬರದಾಳ. ಮುಚ್ಚಕೊಂಡಿದ್ರ ಇಷ್ಟು ರೊಕ್ಕ ಬರತಿದ್ದಿಲ್ಲ!”