ಲೇಡಿ ಡಾಕ್ಟರ್ ಕೂತ ಸೀಟು

ಹೆಸರು, ವಿಳಾಸ ಎರಡೂ ತಿಳಿಯದ ಲೇಡಿ ಡಾಕ್ಟರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ರಾಮಮೂರ್ತಿ ನಗರದ ಬಾಡಿಗೆ ಮನೆಯಿಂದ ಸಾಯಬಣ್ಣ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕೆ.ಆರ್. ಪುರದ ತಾಲ್ಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಊರವರ ದೂರುಗಳನ್ನೆಲ್ಲ ಬರೆದುಕೊಟ್ಟಿರುವ ನಾನು ಸ್ವಂತ ದೂರು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ತಪ್ಪಿದ್ದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

2003ರ ಯುಗಾದಿಗೆ ನಾನು ತಮ್ಮ ಹನ್ನೊಂದು ವರ್ಷದ ಸಣ್ಣ ಬಿಳಿ ಕಾರನ್ನು ಕೊಂಡೆ. ಡಾಕ್ಟರಾಗಬೇಕೆಂದು ಸಿಇಟಿಗೆ ಓದುತ್ತಿದ್ದ ನನ್ನ ಮಗಳು ಕಾವೇರಿ, ಪರೀಕ್ಷೆಯ ದಿನವಾದರೂ ಬಸ್ಸಿನ ಕಂಬಿಗೆ ಜೋತುಬೀಳದೆ ಕೂತು ಹೋಗಲಿ ಎಂಬುದು ನನ್ನ ಆಸೆಯಾಗಿತ್ತು. ಬ್ರೋಕರ್ ಮುನಿಶಾಮಿ ಬಾನೆಟ್ ಎತ್ತುವ ಗೋಜಿಗೇ ಹೋಗದೆ, "ಲೇಡಿ ಡಾಕ್ಟರ್ ಗಾಡಿ ಸಾರ್. ಡ್ರೈವರ್ ಪಕ್ಕ ಕೂತ್ಕೊಂಡು ಮನೆಯಿಂದ ಕ್ಲಿನಿಕ್ಕಿಗೆ ಹೋಗಿ ಬರ್ತಿದ್ರು, ಅಷ್ಟೇ ಓಡಿರೋದು" ಎಂದ. ಲೇಡಿ ಡಾಕ್ಟರ್ ಕೂತ ಸೀಟಿನಲ್ಲಿ ಕೂತರೆ ನನ್ನ ಮಗಳಿಗೂ ಡಾಕ್ಟರ್ ಸೀಟು ಸಿಗದೆ ಹೋದೀತೇ ಎಂದುಕೊಂಡು ನಾನೂ ಬಾನೆಟ್ ಎತ್ತಿಸಲಿಲ್ಲ.

ತಮ್ಮ ಗಾಡಿಯ ಗುಣಗಾನಕ್ಕೆ ನನ್ನ ಟೈಪ್‌ರೈಟರಿನ ರಿಬ್ಬನ್ ಸಾಲದು. ಬೆಳಿಗ್ಗೆ ಎಂಟರ ಮೊದಲು ಅದು ಸ್ಟಾರ್ಟ್ ಆಗುವುದಿಲ್ಲ. ತಾವೂ ಕ್ಲಿನಿಕ್ ನಿಧಾನವಾಗಿಯೇ ತೆರೆಯುತ್ತಿದ್ದಿರೆಂದು ತೋರುತ್ತದೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಬೀದಿಯಲ್ಲಿ ಮೊದಲ ಕೊಡ ನೀರು ಅದರ ರೇಡಿಯೇಟರಿಗೇ ಮೀಸಲು. ಡ್ರೈವರ್ ಕಡೆಯ ಬಾಗಿಲು ಒಳಗಿನಿಂದ ತೆರೆಯದ ಕಾರಣ ನನ್ನ ಹೆಂಡತಿ ಅಮೃತಮ್ಮ ಪ್ರತಿ ಸಲವೂ ಇಳಿದು, ಸುತ್ತಿ ಬಂದು, ಬಾಗಿಲು ತೆರೆದು ನಿಲ್ಲುತ್ತಾಳೆ. ಬೀದಿಯವರು ನನ್ನನ್ನು ಮಂತ್ರಿಯೆಂದು ತಿಳಿದರೆ ಅದು ತಮ್ಮ ಕೃಪೆ. ಅಮೃತಮ್ಮ ನನ್ನನ್ನು ಏನೆಂದು ತಿಳಿದಿದ್ದಾಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಕ್ಲಚ್ಚು ಮೂರನೇ ಸಲ ಕೈಕೊಟ್ಟಾಗ ಶಿವಾಜಿನಗರದ ಮೆಕ್ಯಾನಿಕ್ ಮುಕ್ತಾರ್ ಸಾಹೇಬರು ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿ, ಅಡಿಯಲ್ಲಿದ್ದ ತಗಡಿನ ತೇಪೆಗಳನ್ನು ಬೆರಳಿನಿಂದ ತಟ್ಟಿ, "ಯಾವ ಡಾಕ್ಟರ್ ಸಾಬ್? ಈ ಕಡೆನೂ ಬ್ರೇಕು, ಕ್ಲಚ್ಚು ಇತ್ತು ನೋಡಿ. ಇದು ಡ್ರೈವಿಂಗ್ ಸ್ಕೂಲ್ ಗಾಡಿ. ಇಡೀ ಇಂದಿರಾನಗರ ಇದ್ರಲ್ಲೇ ಕಲ್ತಿರೋದು" ಎಂದರು. ನಾನು ನಂಬಲಿಲ್ಲ. ಡ್ರೈವರನ ಮೇಲೆ ಭರವಸೆ ಸಾಲದೆ ತಾವೇ ಒಂದು ಜೊತೆ ಪೆಡಲ್ ಹಾಕಿಸಿಕೊಂಡಿರಬೇಕು. ಟಾಪಿನಲ್ಲಿರುವ ನಾಲ್ಕು ತೂತುಗಳೂ ಸ್ಕೂಲಿನ ಬೋರ್ಡಿನವಲ್ಲ, ಡ್ರಿಪ್ ಬಾಟಲಿ ತೂಗುಹಾಕಲು ಕೊರೆಸಿದವೇ ಸರಿ. ಮಳೆ ಬಂದರೆ ಈಗಲೂ ಅಲ್ಲಿಂದ ಹನಿಹನಿಯಾಗಿ ಇಳಿಯುತ್ತದೆ.

ಈಗ ದೂರಿನ ತಿರುಳಿಗೆ ಬರುತ್ತೇನೆ. ಪರೀಕ್ಷೆಯ ದಿನ ಹಲಸೂರಿನ ಕೇಂದ್ರಕ್ಕೆ ಹೊರಟ ಗಾಡಿ ಬೈಯಪ್ಪನಹಳ್ಳಿಯ ಹತ್ತಿರ ಬಾನೆಟ್ಟಿನಿಂದ ಹಬೆ ಕಾರುತ್ತ ನಡುರಸ್ತೆಯಲ್ಲಿ ನಿಂತಿತು. ಬೆಲ್ಲಿಗೆ ಇಪ್ಪತ್ತೇ ನಿಮಿಷವಿತ್ತು. ಕಾವೇರಿ ಇಳಿದು, ಹಿಂದಿನಿಂದ ತಳ್ಳಿ ಗಾಡಿಯನ್ನು ಬದಿಗೆ ಸೇರಿಸಿದಳು. ಹೊಸ ಚೂಡಿದಾರದಲ್ಲಿ ಬೆವರು ಸುರಿಸುತ್ತ ತಳ್ಳುತ್ತಿದ್ದ ಮಗಳನ್ನು ಕನ್ನಡಿಯಲ್ಲಿ ಕಂಡು ನನಗೆ ಅಳು ಬಂತು. "ಅಪ್ಪಾ, ನೀವು ಗಾಡಿ ನೋಡ್ಕೋರಿ, ನಾ ಹೋಗ್ತೀನಿ" ಎಂದು ಅವಳು ಆಟೋ ಹತ್ತಿದಳು. ನಾನು ನನ್ನ ಹೊಟ್ಟೆಯನ್ನು ಗೇರ್ ದಾಟಿಸಿ ಎಡಬಾಗಿಲಿನಿಂದ ಇಳಿಯುವಷ್ಟರಲ್ಲಿ ಆಟೋ ಕಾಣದಾಗಿತ್ತು. ಗೇಟು ಹಾಕುವ ಹೊತ್ತಿಗೆ ಅವಳು ಒಳಗೆ ಕಾಲಿಟ್ಟಳಂತೆ. ಹಾಲ್ ಟಿಕೆಟ್ ಮೇಲೆ ತಮ್ಮ ಗಾಡಿಯ ಗ್ರೀಸು ಹತ್ತಿದ ಹೆಬ್ಬೆರಳ ಗುರುತು ಇಂದಿಗೂ ಇದೆ. ಕೂರಿಸಿಕೊಂಡು ಹೋಗಲೆಂದು ಕೊಂಡ ಗಾಡಿಯನ್ನು ಅವಳಿಂದಲೇ ತಳ್ಳಿಸಿದ ಪಾಪ ಮಾತ್ರ ನನ್ನದು, ಅದನ್ನು ತಮ್ಮ ತಲೆಗೆ ಕಟ್ಟಲಾರೆ.

ಆದಕಾರಣ ತಾವು ಖುದ್ದಾಗಿ ದಯಮಾಡಿಸಿ, ಕಾರ್ಬುರೇಟರಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಮೂರು ಹೊತ್ತಿಗೆ ಟಾನಿಕ್ ಬರೆದುಕೊಟ್ಟು, ಗಾಡಿ ಇದುವರೆಗೆ ಹಾಕಿದ ರಜೆಗಳಿಗೆಲ್ಲ ಮೆಡಿಕಲ್ ಸರ್ಟಿಫಿಕೇಟ್ ದಯಪಾಲಿಸಬೇಕಾಗಿ ಪ್ರಾರ್ಥನೆ. ತಾವು ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲವಾದಲ್ಲಿ, ಆ ವಿಷಯವನ್ನಾದರೂ ಮರುಟಪಾಲಿನಲ್ಲಿ ತಿಳಿಸಬೇಕು.

ಬಾಗಿಲು ತೆರೆಯುವವರಿಗಾಗಿ ಕಾರಿನೊಳಗೆ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಸಾಯಬಣ್ಣ

ತಾ.ಕ.: ಮೇಲಿನದನ್ನು ಬರೆದಿಟ್ಟ ಮೇಲೆ ಕಾವೇರಿಗೆ ಮೆಡಿಕಲ್ ಸೀಟು ಸಿಕ್ಕಿತು. ಇನ್ನು ಗಾಡಿ ಮಾರಿ ಕೈತೊಳೆದುಕೊಳ್ಳೋಣವೆಂದು ಕಮ್ಮನಹಳ್ಳಿಯ ಗಿರಾಕಿಯೊಬ್ಬನನ್ನು ಕರೆಸಿ, "ಲೇಡಿ ಡಾಕ್ಟರ್ ಗಾಡಿ" ಎಂದು ನಾನು ಬಾಯಿ ತೆರೆದದ್ದೇ ತಡ, ಅವಳು ಅಡ್ಡ ಬಂದು, "ಸುಳ್ಳು ಹೇಳಿ ಮಾರಬ್ಯಾಡ್ರಿ ಅಪ್ಪಾ. ಐದೂವರೆ ವರ್ಷ ತಡೀರಿ, ಖರೇನೇ ಆಗ್ತದ" ಎಂದಳು. ಗಿರಾಕಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆದ್ದರಿಂದ ಮಾನ್ಯರೇ, ತಮ್ಮ ಹುದ್ದೆ ಭರ್ತಿಯಾಗಿದೆ, ಡಾಕ್ಟರಾಗಿ ತಾವು ಬರುವ ಅಗತ್ಯವಿಲ್ಲ. ಕಾವೇರಿ ಬರುವ ಸೋಮವಾರ ಹಾಸ್ಟೆಲ್ಲಿಗೆ ಹೊರಡುವುದರಿಂದ ಹಿಂದಿನಿಂದ ತಳ್ಳುವವರ ಜಾಗ ಮಾತ್ರ ಖಾಲಿ ಬೀಳಲಿದ್ದು, ಬಿಡುವಿದ್ದರೆ ತಾವು ಅದಕ್ಕೆ ಅರ್ಜಿ ಹಾಕಬಹುದು.