ಆರ್ವಿಲ್‌ನ ಮೂರು ನಿಮಿಷ

ಆರ್ವಿಲ್ ಪ್ರೂಯಿಟ್ ಮೈಕಿನ ಮುಂದೆ ಬಾಯಿಬಿಟ್ಟಿದ್ದು ಮೂರೇ ನಿಮಿಷ. ಅದಕ್ಕಾಗಿ ಏಳು ತಿಂಗಳು ಕೋರ್ಟಿಗೆ ಅಲೆದ.

ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಕ್ಯಾಲಿಫೋರ್ನಿಯಾದ ಕ್ವೇಲ್ ಫ್ಲ್ಯಾಟ್ ಎಂಬ ಪುಟ್ಟ ಊರಿನಲ್ಲಿ ಅವನ ಮನೆಗೂ ಚರ್ಚಿಗೂ ನಡುವೆ ಲೈಲ್ ಹಟ್ಸನ್‌ನ ಕಾರು ತೊಳೆಯುವ ಅಂಗಡಿ. ತೊಳೆದ ಕಾರನ್ನು ಒಣಗಿಸುವ ಗಾಳಿಯಂತ್ರ ಬೆಳಗ್ಗೆ ಏಳಕ್ಕೆ ಶುರುವಾದರೆ ಆರ್ವಿಲ್‌ನ ತಲೆಯೊಳಗೆ ಸಂಜೆಯವರೆಗೂ ಜೇನುಗೂಡು. ಕಿವಿಯನ್ನೇ ನಂಬಿ ಬದುಕುವವನು ಎಷ್ಟು ದಿನ ಸಹಿಸಿಯಾನು? ಒಂದು ದಿನ ಪುರಸಭೆಯ ಸಭೆಗೆ ಹೋಗಿ, ಊರವರಿಗೆಂದು ಇಟ್ಟ ಮೈಕಿನ ಮುಂದೆ ನಿಂತು, ‘ಲೈಲ್ ಯಂತ್ರ ನಿಲ್ಲಿಸಿ ಸದ್ದಿನ ಅಳತೆ ಮಾಡಿಸಿ, ಆ ಸುಳ್ಳು ಲೆಕ್ಕ ನಿಮಗೆ ಕೊಟ್ಟಿದ್ದಾನೆ’ ಎಂದುಬಿಟ್ಟ. ಲೈಲ್ ಮಾನನಷ್ಟ ಮೊಕದ್ದಮೆ ಹೂಡಿದ.

ಅದರ ತೀರ್ಪು ಇದೇ ಮಂಗಳವಾರ ಬೆಳಗ್ಗೆ. ಲೈಲ್‌ನ ಎರಡನೇ ಗಾಳಿಯಂತ್ರದ ಅರ್ಜಿ ಅದೇ ಸಂಜೆ ಪುರಸಭೆಯ ಮುಂದೆ. ಒಂದಕ್ಕೇ ಹೀಗೆ, ಎರಡಾದರೆ ಕಸುಬೇ ಮುಗಿಯಿತು ಎಂದು ಆರ್ವಿಲ್‌ಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

“ಸಾರ್, ಕಾಲು ಕುಣಿಸಬೇಡಿ. ಬೆಂಚೇ ಅಲ್ಲಾಡ್ತಿದೆ,” ಎಂದಳು ಕೋರ್ಟಿನಲ್ಲಿ ಪಕ್ಕಕ್ಕೆ ಕೂತಿದ್ದ ಅವನ ವಕೀಲೆ ಈನೆಸ್ ಅಲ್ಕರಾಸ್.

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು. ಪುರಸಭೆಯಲ್ಲಿ ಊರಿನ ವಿಷಯ ಮಾತಾಡಿದವರ ಬಾಯಿ ಮುಚ್ಚಿಸಲು ಹೂಡಿದ ದಾವೆ ಇದು, ಇಂಥದ್ದನ್ನು ಬಾಗಿಲಲ್ಲೇ ತಡೆಯಲು ಕಾನೂನಿದೆ, ವಜಾ. ಆರ್ವಿಲ್‌ನ ವಕೀಲರ ಖರ್ಚೂ ಲೈಲ್‌ನ ತಲೆಗೇ ಬಿತ್ತು.

ಹೊರಗೆ ಬಂದು ಈನೆಸ್ ಹತ್ತು ಪುಟದ ತೀರ್ಪನ್ನು ಅವನ ಕೈಗಿಟ್ಟಳು. “ನೋಡಿ ಸಾರ್, ಈ ಕಾನೂನು ಕಾಯೋದು ನಿಮ್ಮನ್ನಲ್ಲ, ಆ ಮೈಕನ್ನ. ಮನೆ ಜಗುಲೀಲಿ ಕೂತು ಯಾರದ್ದೋ ಸಂಸಾರದ ಮಾತಾಡಿದ್ರೆ ಇದು ಕೈ ಹಿಡಿಯಲ್ಲ. ಕೇಳಿಸ್ತಾ?”

“ಕೇಳಿಸ್ತು, ಕೇಳಿಸ್ತು,” ಎಂದ ಆರ್ವಿಲ್. ಅವನಾಗಲೇ ಕಾರಿನ ಬಾಗಿಲು ತೆಗೆದಿದ್ದ.

ಸೋಫಾಲ್‌ಳ ಡೋನಟ್ ಅಂಗಡಿಯಲ್ಲಿ ಅವನು ತೀರ್ಪನ್ನು ಗಲ್ಲಾ ಮೇಜಿನ ಮೇಲೆ ಹರಡಿದ. ಕಾಂಬೋಡಿಯಾದಿಂದ ಬಂದು ಮೂವತ್ತು ವರ್ಷದಿಂದ ಊರಿಗೆಲ್ಲ ಡೋನಟ್ ತಿನ್ನಿಸುತ್ತಿರುವ ಸೋಫಾಲ್ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

“ಅಂದ್ರೆ, ಅಲ್ಲಿ ಯಾರು ಏನು ಬೇಕಾದ್ರೂ ಅನ್ನಬಹುದಾ?”

“ಏನು ಬೇಕಾದ್ರೂ! ಬಾಗಿಲಲ್ಲಿ ಹಳದಿ ಕಾರ್ಡು ತುಂಬಿ ಕೊಡಿ, ಮೈಕಿನ ಮುಂದೆ ನಿಲ್ಲಿ, ಮೂರು ನಿಮಿಷ ಯಾರನ್ನ ಬೇಕಾದ್ರೂ ಜಾಲಾಡಿ. ಕೇಸು ಹಾಕಿದವನಿಗೇ ದಂಡ!” ಎಂದು ಆರ್ವಿಲ್ ಇಡೀ ಅಂಗಡಿಗೆ ಕೇಳುವಂತೆ ಸಾರಿದ.

ಮೂಲೆಯ ಮೇಜಿನಲ್ಲಿ ದಾಲ್ಚಿನ್ನಿ ಡೋನಟ್ ತಿನ್ನುತ್ತಿದ್ದ ಲೈಲ್ ಹಟ್ಸನ್ ಅಗಿಯುವುದನ್ನು ನಿಲ್ಲಿಸಿದ. ತಲೆ ಮಾತ್ರ ಎತ್ತಲಿಲ್ಲ.

“ನಮಗ್ಯಾಕಪ್ಪ ಆ ಮೈಕಿನ ಸಹವಾಸ? ನೀವು ಹೇಗೂ ಸಂಜೆ ಹೋಗ್ತೀರಲ್ಲ, ನಂದೂ ಒಂದು ಮಾತು ಸೇರಿಸಿಬಿಡಿ,” ಎಂದು ಸೋಫಾಲ್ ಕೈ ಒರೆಸುವ ಕಾಗದದ ಮೇಲೆ ಗೀಚಿ ಅವನ ಕೋಟಿನ ಜೇಬಿಗೆ ತುರುಕಿದಳು. ಅಂಗಡಿ ಮುಂದಿನ ಬೀದಿ ದೀಪ ಕ್ರಿಸ್‌ಮಸ್‌ನಿಂದ ಉರಿದಿಲ್ಲ ಎಂಬುದು ಅವಳ ದೂರು.

ಪಕ್ಕದ ಮನೆಯ ಮುದುಕ ಹಾರ್ಲನ್‌ಗೂ ಹುರುಪು ಬಂತು. “ಗ್ರಂಥಾಲಯದ ಕಕ್ಕಸಿನ ಚಿಲಕ! ನಾನು ಎರಡು ಸಲ ಒಳಗೇ ಸಿಕ್ಕಿಹಾಕ್ಕೊಂಡಿದೀನಿ ಮಾರಾಯ್ರೆ. ಅದನ್ನ ಬಿಡದೇ ಹೇಳಬೇಕು!”

“ನನ್ನ ಗಾಳಿಯಂತ್ರದ ಮಾತಿಗೇ ಮೂರು ನಿಮಿಷ ಸಾಲದು ಹಾರ್ಲನ್!”

“ಅರ್ಧ ನಿಮಿಷ. ನಿಮ್ಮ ಕೇಸಿಗೆ ಏಳು ತಿಂಗಳು ದೇವರಿಗೆ ಮೊರೆ ಇಟ್ಟಿದೀನಿ, ಅಷ್ಟೂ ಮಾಡಲ್ವಾ?”

ಮಧ್ಯಾಹ್ನದ ಹೊತ್ತಿಗೆ ಆರ್ವಿಲ್‌ನ ಎರಡೂ ಜೇಬು ಊರವರ ಚೀಟಿಗಳಿಂದ ಉಬ್ಬಿದ್ದವು. ಅವನೂ ಕೂತಲ್ಲಿ ಕೂರಲಾರದೆ ತನ್ನ ಭಾಷಣವನ್ನು ನಾಲ್ಕು ಸಲ ಹೊಡೆದುಹಾಕಿ, ಕೊನೆಗೆ ಅಂಥದೇ ಒಂದು ಕಾಗದದ ಮೇಲೆ ಬರೆದು ಅದೇ ಜೇಬಿಗೆ ಹಾಕಿದ. ಬುದ್ಧಿ ಕೆಟ್ಟಿದ್ದು ಅಲ್ಲೇ.

ಚರ್ಚಿನ ಹಾಡುಗಾರರ ಮೇಳ ನಡೆಸುವ ಬರ್ನಡೀನ್ ಪೂಲ್ ಮಾತ್ರ ಚೀಟಿ ಹಿಡಿದು ಎರಡು ಸಲ ಹತ್ತಿರ ಬಂದು ಹಿಂದಕ್ಕೆ ಹೋದಳು.

“ಕೊಡಿ ಬರ್ನಡೀನ್, ಸಂಕೋಚ ಯಾಕೆ?”

“ಅಯ್ಯೋ, ಬೇಡ. ನಿಮಗೆ ಈಗಲೇ ಹೊರೆ ಜಾಸ್ತಿಯಾಗಿದೆ,” ಎಂದವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ಊರಲ್ಲಿ ಇವಳೊಬ್ಬಳಾದರೂ ಕನಿಕರವಿರುವವಳು ಎಂದುಕೊಂಡ ಆರ್ವಿಲ್.

ಸಂಜೆ ಆರೂವರೆಗೆ ಪುರಸಭೆಯ ಕೋಣೆ ಕಿಕ್ಕಿರಿದಿತ್ತು. ಗುಮಾಸ್ತೆ ಹೆಸರು ಕರೆದಳು, ಆರ್ವಿಲ್ ಮೈಕಿನ ಮುಂದೆ ನಿಂತ, ಹಸಿರು ದೀಪ ಹತ್ತಿತು. ಜೇಬಿಗೆ ಕೈ ಹಾಕಿ ಕಾಗದ ಎಳೆದ.

“ಮಾನ್ಯರೇ, ಡೋನಟ್ ಅಂಗಡಿ ಮುಂದಿನ ದೀಪ...”

ಇದಲ್ಲ ಎಂದು ಮಡಿಚಲು ಹೋದರೆ ಮೊದಲ ಸಾಲಿನಲ್ಲಿ ಸೋಫಾಲ್ ಎರಡೂ ಕೈ ಎದೆಗೊತ್ತಿಕೊಂಡು ಕೂತಿದ್ದಾಳೆ. ದಾಕ್ಷಿಣ್ಯ ಕೆಟ್ಟದ್ದು. ಪೂರ್ತಿ ಓದಿದ. ಮುಂದಿನ ಕಾಗದ ಎಳೆದರೆ ಚಿಲಕ. ಹಾರ್ಲನ್ ಕೆಮ್ಮಿದ. ಅದನ್ನೂ ಓದಿದ. ಮತ್ತೊಂದರಲ್ಲಿ ಯಾರದೋ ನಾಯಿ, ಇನ್ನೊಂದರಲ್ಲಿ ಶಾಲೆ ಮುಂದಿನ ಗುಂಡಿ. ಬೆವರುತ್ತಾ, ಕಾಗದಗಳನ್ನು ಚೆಲ್ಲುತ್ತಾ, ಅಂತೂ ತನ್ನದನ್ನು ಹುಡುಕಿ ಬಿಡಿಸಿದ.

“ಈ ಲೈಲ್ ಹಟ್ಸನ್ ಅವರ ಗಾಳಿಯಂತ್ರದಿಂದ...”

ಕೆಂಪು ದೀಪ. ಮೈಕು ಸತ್ತಿತು.

“ಬಹಳ ಉಪಯುಕ್ತ ಮಾತು ಪ್ರೂಯಿಟ್ ಅವರೇ,” ಎಂದರು ಅಧ್ಯಕ್ಷೆ. “ದೀಪ, ಚಿಲಕ, ಗುಂಡಿ, ಎಲ್ಲ ಈ ವಾರವೇ ಸರಿಮಾಡಿಸ್ತೀವಿ.” ಸಭೆ ಚಪ್ಪಾಳೆ ತಟ್ಟಿತು. “ಮುಂದಿನ ಹಳದಿ ಕಾರ್ಡು, ಲೈಲ್ ಹಟ್ಸನ್.”

ಲೈಲ್ ನಿಧಾನವಾಗಿ ಬಂದು ನಾಲ್ಕು ಮಡಿಕೆಯ ಕಾಗದವೊಂದನ್ನು ಬಿಡಿಸಿದ.

“ಪ್ರೂಯಿಟ್ ಅವರ ಕಿವಿ ಕೆಟ್ಟಿದೆ. ಈಸ್ಟರಿಗೆ ಮುಂಚೆ ಅವರು ಶ್ರುತಿ ಮಾಡಿದ ಚರ್ಚಿನ ಪಿಯಾನೋ ಕರು ಕಳ್ಕೊಂಡ ಹಸು ಥರ ಕೂಗ್ತಿದೆ. ಅದರ ಜೊತೆ ಹಾಡೋಕೆ ಹೋಗಿ ಮೇಳದೋರ ಗಂಟಲು ಕಟ್ಟಿದೆ. ಇಂಥವರಿಗೆ ನನ್ನ ಯಂತ್ರದ ಸದ್ದು ಹೆಚ್ಚೋ ಕಡಿಮೆಯೋ, ಹೇಗೆ ಗೊತ್ತಾಗುತ್ತೆ?”

ಕೋಣೆ ನಕ್ಕಿತು. ಮೇಳದವರು ಪಾಪ, ತಲೆ ಬಗ್ಗಿಸಿದರು. ಆದರೆ ಯಾರೂ ಇಲ್ಲ ಎನ್ನಲಿಲ್ಲ.

“ಶ್ರುತಿ ಮಾಡೋವಾಗ ಗೋಡೆ ಆಚೆ ನಿನ್ನ ಯಂತ್ರಾನೇ ಬೊಬ್ಬೆ ಹೊಡೀತಿತ್ತಲ್ಲೋ!” ಎಂದು ಆರ್ವಿಲ್ ಎದ್ದು ಕೂಗಿದ. “ಅದೇ ಸಾಕ್ಷಿ! ಮಾನ್ಯರೇ, ಅದನ್ನೇ ನಾನು ಹೇಳೋಕೆ...”

“ಪ್ರೂಯಿಟ್ ಅವರೇ, ನಿಮ್ಮ ಮೂರು ನಿಮಿಷ ಮುಗಿದಿದೆ. ದಯವಿಟ್ಟು ಕೂತ್ಕೊಳ್ಳಿ.”

ಎರಡನೇ ಗಾಳಿಯಂತ್ರಕ್ಕೆ ಸದಸ್ಯರಲ್ಲಿ ಮೂವರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಬಾಗಿಲಲ್ಲಿ ಶಾಲೆಯ ಸಂಗೀತ ಮೇಷ್ಟರು ಆರ್ವಿಲ್‌ನ ಮುಖ ನೋಡದೆ, “ನಾಳೆ ಶಾಲೆ ಪಿಯಾನೋಗೆ ಬರೋದು ಬೇಡ, ಆಮೇಲೆ ಹೇಳಿ ಕಳಿಸ್ತೀನಿ,” ಎಂದು ಸರಸರ ನಡೆದರು. ಆರ್ವಿಲ್‌ಗೆ ಅಳು ಬಂದಂತಾಯಿತು.

ಸಭೆ ನೋಡಲು ಬಂದಿದ್ದ ಈನೆಸ್‌ಳನ್ನು ಮೆಟ್ಟಿಲ ಮೇಲೆ ಹಿಡಿದ. “ಹಾಕಿ ಮೊಕದ್ದಮೆ! ನನ್ನ ಹೊಟ್ಟೆ ಮೇಲೆ ಹೊಡೆದ ಆ ಲೈಲ್!”

“ಆ ತೀರ್ಪು ಇದೆಯಾ ಜೇಬಲ್ಲಿ?”

“ಇದೆ!”

“ಅದರಲ್ಲಿ ನಿಮ್ಮ ಹೆಸರಿರೋ ಕಡೆ ಅವರ ಹೆಸರು ಬರ್ಕೊಳ್ಳಿ. ಅವರಿಗೆ ಬೇರೆ ವಕೀಲರೂ ಬೇಡ. ಇಟ್ಕೊಂಡ್ರೂ ಅದರ ಖರ್ಚು ನಿಮ್ಮದೇ,” ಎಂದು ಈನೆಸ್ ನಿಟ್ಟುಸಿರು ಬಿಟ್ಟಳು. “ಮೈಕನ್ನ ಕಾಯುತ್ತೆ ಅಂತ ಬೆಳಗ್ಗೇನೇ ಹೇಳಿದ್ನಲ್ಲ ಸಾರ್.”

ಆರ್ವಿಲ್ ಜೇಬಿಗೆ ಕೈ ಹಾಕಿ ತೀರ್ಪನ್ನು ಹೊರಗೆಳೆದ. ಮೆಟ್ಟಿಲಿಳಿದು ಬಂದ ಬರ್ನಡೀನ್ ಅವನ ತೋಳು ಮುಟ್ಟಿದಳು.

“ಬೇಜಾರು ಮಾಡ್ಕೋಬೇಡಿ ಆರ್ವಿಲ್. ಊರವರ ಚೀಟಿ ಎಲ್ಲಾನೂ ನಿಮ್ಮ ಕೈಗೇ ಕೊಟ್ವಿ. ಆ ಪಿಯಾನೋ ಚೀಟಿಯೊಂದನ್ನ ನಿಮ್ಮ ಕೈಗೆ ಹೇಗೆ ಕೊಡೋದು, ನೀವೇ ಹೇಳಿ?”