ಒಂದು ಚಿಂಗಮ್ಮಿಗೆ ಹತ್ತು ಕುರಿ

ಇನ್ನು ಮೇಲೆ ಹೆಂಡತಿಯ ಬಾಯಿಂದ ‘ಮರೆಗುಳಿ’ ಅನ್ನಿಸಿಕೊಂಡರೆ ನನ್ನ ಹೆಸರು ಧೂಳಪ್ಪನೇ ಅಲ್ಲ ಎಂದು ಪಣ ತೊಟ್ಟೆ! ಚಿಂಗಮ್ ಜಗಿದರೆ ನೆನಪು ಚುರುಕಾಗುತ್ತದೆ, ಗಮನ ಅತ್ತಿತ್ತ ಓಡುವುದಿಲ್ಲ ಎಂದು ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಹೇಳಿದ್ದ. ನಮ್ಮೂರು ದಾಳಿಂಬದ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಐದು ಚಿಂಗಮ್ ಕೊಂಡು ತಂದೆ.

ಅಂದೇ ಪರೀಕ್ಷೆಯೂ ಬಂತು. ಗುಂಜೋಟಿಯ ತವರಿನಲ್ಲಿ ನನ್ನ ಹೆಂಡತಿ ಮಾಳಮ್ಮನ ತಂಗಿ ಸುವರ್ಣಾ ಹಡೆದಿದ್ದಳು. ಕೂಸನ್ನು ಎತ್ತಿಕೊಂಡು ಎರಡು ದಿನ ಇದ್ದು ಬರಬೇಕೆಂದು ಮಾಳಮ್ಮನಿಗೆ ಬಹಳ ಆಸೆ. ಹೊರಟವಳು ಬಾಗಿಲಲ್ಲೇ ನಿಂತಳು.

“ಸಂಜೀಕ ಕುರಿ ಎಣಿಸಿ ದೊಡ್ಡಿಗಿ ಹಾಕ್ರಿ. ನಲವತ್ಮೂರು ಅವ. ನಿಮ್ಮಿಂದ ಆಗ್ತದಿಲ್ಲೋ?”

“ನೀ ಚಿಂತಿ ಬಿಡು. ನಾಕ್ ದಿನಾ ಇದ್ದು ಬಾ!”

ಸಂಜೆ ದೊಡ್ಡಿಯ ಬಾಗಿಲಲ್ಲಿ ಸೇನಾಧಿಪತಿಯ ಹಾಗೆ ನಿಂತೆ. ಚಿಂಗಮ್ ಜಗಿಯುತ್ತ ಎಣಿಸುವುದು, ಹತ್ತು ಕುರಿ ಒಳಗೆ ಹೋದ ಕೂಡಲೇ ಅದನ್ನು ಬಾಗಿಲ ಕಂಬಕ್ಕೆ ಅಂಟಿಸಿ ಹೊಸದು ಬಾಯಿಗೆ ಹಾಕುವುದು. ಗುರುತಿಗೆ ಗುರುತು, ಬುದ್ಧಿಗೆ ಬುದ್ಧಿ! ಎಲ್ಲಕ್ಕಿಂತ ಕೊನೆಗೆ ನಮ್ಮ ದೊಡ್ಡ ಟಗರು ದಿನದ ರೂಢಿಯಂತೆ ಕಂಬಕ್ಕೆ ಮೈ ತಿಕ್ಕಿ ತುರಿಸಿಕೊಂಡು ಒಳಗೆ ಹೋಯಿತು.

ಕಂಬ ನೋಡಿದೆ. ಚಿಂಗಮ್ ಮೂರೇ! ಅದರ ಮೇಲೆ ಮೂರು ಕುರಿ. ಅಂದರೆ ಮೂವತ್ತಮೂರು! ಮತ್ತೊಮ್ಮೆ ಎಣಿಸೋಣವೆಂದರೆ ಚಿಂಗಮ್ ಖಾಲಿ!

ನನ್ನ ಕೂಗಿಗೆ ಪಕ್ಕದ ಮನೆಯ ಧನರಾಜ ಓಡಿ ಬಂದ.

“ಕಾಯ್ ಝಾಲಂ ಕಾಕಾ? ಏನಾತು, ಯಾಕ ಒದರ್ಲಿಕತ್ತೀರಿ?”

“ಹತ್ತು ಕುರಿ ಹೋಗ್ಯಾವೋ!”

ಅವನು ಟ್ರ್ಯಾಕ್ಟರ್ ಹತ್ತಿ ಹೆದ್ದಾರಿ ಕಡೆ ಹೋದ. ಓಣಿಯ ಮಂದಿ ತೊಗರಿ ಹೊಲಕ್ಕೆ ನುಗ್ಗಿದರು. ನಾನು ಗಾಬರಿಯಲ್ಲಿ ಮಾಡಬಾರದ ಕೆಲಸ ಮಾಡಿದೆ. ಮಾಳಮ್ಮನಿಗೆ ಫೋನ್ ಮಾಡಿಬಿಟ್ಟೆ!

ಪಾಪ, ಕೂಸನ್ನು ತಂಗಿಯ ಮಡಿಲಿಗೆ ಹಾಕಿ, ಸಿಕ್ಕ ಆಟೋ ಹತ್ತಿ ಬಂದಳು. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಎಣಿಸಲೇ ಇಲ್ಲ. ದೊಡ್ಡಿಯೊಳಗೆ ಇಳಿದು ಒಂದೊಂದರ ಮುಖ ನೋಡಿದಳು.

“ಕರಿಕಿವಿ ಅದ, ಕುಂಟಿ ಅದ, ಮರಿಗೋಳು ಅವ... ಎಲ್ಲಾ ಅವಲ್ರೀ! ಯಾವ ಹತ್ತು ಹೋಗ್ಯಾವ?” ಎಂದವಳ ಕಣ್ಣು ಟಗರಿನ ಮೇಲೆ ನಿಂತಿತು. “ಇದೇನ್ರೀ, ಇದರ ಉಣ್ಣೆಗಿ ಅಂಟಿದ್ದು?”

ಬಾಗಿಲ ಕಂಬದ ಕಡೆ ಒಮ್ಮೆ ನೋಡಿದೆ. “ಅದಾ... ಅದು ಹತ್ತು ಕುರಿ.”

ವಿಷಯ ತಿಳಿದ ಮೇಲೆ ಮಾಳಮ್ಮ ನಕ್ಕಳು ನೋಡಿ, ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ! ಅವಳು ನಕ್ಕದ್ದಕ್ಕೆ ನನ್ನ ಜೀವವೂ ಹಗುರಾಯಿತು. ಕತ್ತರಿ ತಂದು ಉಣ್ಣೆ ಕತ್ತರಿಸತೊಡಗಿದಳು. ಟಗರು ಆರಾಮವಾಗಿ ಮೆಲುಕು ಹಾಕುತ್ತಿತ್ತು.

“ಬಾಯಿ ಆಡಿಸಿದ್ರ ನೆನಪು ಚುರುಕ ಆಗ್ತದಂತ ಮೊಬೈಲಿನಾಗ ಹೇಳಿದ್ರು...” ಎಂದೆ.

“ಹೌದೇನ್ರೀ? ಇದು ಹುಟ್ಟಿದಾಗಿಂದ ಬಾಯಿ ಆಡಸ್ಲಿಕತ್ತದ. ನಾ ನಾಳಿ ಮತ್ತ ಗುಂಜೋಟಿಗಿ ಹೋಗ್ತೀನಿ. ಸಂಜೀಕ ಇದು ಬಾಗಲಾಗ ನಿಂತು ಎಣಸ್ಲಿ, ನೀವು ಕುರಿ ಸಂಗಾಟ ಒಳಗ ಹೋಗ್ರಿ!”